ಮುಚ್ಚಿದ ಮೇಲೆ ತೆಗೆದು ನೋಡುವವರು

ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಮತ್ತೆ ತೆಗೆದು, ಒಳಗೆ ಇಣುಕಿ, ಆಮೇಲೆ ಇನ್ನೊಂದು ಸಲ ಹಾಕುವವರನ್ನು ಈ ಬದುಕಿನಲ್ಲಿ ನಾನು ಒಬ್ಬರನ್ನೇ ನೋಡಿದ್ದೇನೆ. ನಮ್ಮ ಮೇಲ್ಮನೆಯ ಅಕ್ಕ. ಕಾಫಿಪುಡಿ ಡಬ್ಬಿಯಾಗಲಿ, ಕುಂಕುಮದ ಭರಣಿಯಾಗಲಿ, ಆಫೀಸಿಗೆ ಒಯ್ಯುವ ಊಟದ ಡಬ್ಬಿಯಾಗಲಿ, ಅವರ ಕೈ ಹಾಗೇ ಮಾಡುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು.

"ಅಕ್ಕಾ, ಒಳಗಿರೋದು ಓಡಿಹೋಗುತ್ತಾ?" ಅಂತ ಒಮ್ಮೆ ಕೇಳಿಯೇಬಿಟ್ಟೆ.

"ಹಾಗಲ್ಲ ಕಮಲಮ್ಮ. ತೆಗೆಯೋಕೆ ಬಂದ್ರೆ ತಾನೇ ಮುಚ್ಚಿದ್ದು ಅಂತ ಅರ್ಥ? ಇಲ್ಲದಿದ್ರೆ ಅದು ಹೂತಿದ್ದು" ಅಂದರು.

ಹೋದ ತಿಂಗಳು ಅವರು ತುಮಕೂರಿನ ತಮ್ಮನ ಮನೆಯಲ್ಲಿ ತೀರಿಕೊಂಡ ಸುದ್ದಿ ಇನ್ಲ್ಯಾಂಡ್ ಪತ್ರದಲ್ಲಿ ಬಂತು. ಪತ್ರ ಓದಿ ಮಡಿಸಿದೆ, ಮತ್ತೆ ಬಿಡಿಸಿ ನೋಡಿದೆ, ಮತ್ತೆ ಮಡಿಸಿದೆ. ಅವರ ಚಾಳಿ ನನಗೂ ಬಂದಿದೆ ಅಂತ ಆಗ ಗೊತ್ತಾಯಿತು.

ಅವರು ನಮ್ಮ ಮನೆಗೆ ಬಂದದ್ದು ಎಪ್ಪತ್ನಾಲ್ಕರಲ್ಲಿ. ಆರ್.ಟಿ. ನಗರ ಆಗಿನ್ನೂ ನಗರವಾಗಿರಲಿಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆ, ಮಿಕ್ಕಿದ್ದೆಲ್ಲ ಲಂಟಾನ ಪೊದೆ. ಮಾಳಿಗೆಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದ್ದೆವು. ಮದುವೆಯಾಗದ ನಲವತ್ತು ದಾಟಿದ ಹೆಂಗಸು ಒಬ್ಬಳೇ ಇರುತ್ತಾಳೆ ಅಂದಾಗ ನಮ್ಮತ್ತೆ ಮುಖ ಗಂಟಿಕ್ಕಿದರು. ಆದರೆ ಅವರು ಮನೆ ನೋಡಲು ಬಂದ ದಿನ ನೀರಿನ ತೊಟ್ಟಿಯ ಮುಚ್ಚಳ ತೆಗೆದು ಒಳಗೆ ನೋಡಿ, "ಅಮ್ಮಾ, ತೊಟ್ಟಿ ಎಷ್ಟು ಚೊಕ್ಕಟವಾಗಿ ಇಟ್ಟಿದೀರಿ" ಅಂದರಲ್ಲ, ಅಷ್ಟಕ್ಕೇ ಅತ್ತೆ ಕರಗಿದರು. ತೊಟ್ಟಿ ತೊಳೆಯುತ್ತಿದ್ದವಳು ನಾನು, ಇರಲಿ. ಅಂದಿನಿಂದ ಅತ್ತೆಯ ಬಾಯಲ್ಲಿ ಅವರು 'ಮೇಲ್ಮನೆ ಹುಡುಗಿ' ಆದರು. ಕೂದಲು ಪೂರ್ತಿ ನರೆತ ಮೇಲೂ ಹುಡುಗಿಯೇ.

ತೆಳ್ಳನೆ ಮೈ, ಸಣ್ಣ ಅಂಚಿನ ನೂಲಿನ ಸೀರೆ, ತುರುಬಿನಲ್ಲಿ ಹೂವಿನ ಬದಲು ಒಂದು ಪೆನ್ಸಿಲ್. ಯಶವಂತಪುರದ ಕಡೆಯ ಒಂದು ಸರ್ಕಾರಿ ಸಂಸ್ಥೆಯಲ್ಲಿ ಕಂಪ್ಯೂಟರಿನ ಕೆಲಸ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೈಯಲ್ಲಿ ಸ್ವೆಟರ್ ಹಿಡಿದು ಬಸ್ಸಿಗೆ ನಿಲ್ಲುತ್ತಿದ್ದರು. ಆ ಯಂತ್ರ ಇರುವ ಕೋಣೆ ಅಷ್ಟು ತಣ್ಣಗಂತೆ, ಮನುಷ್ಯರಿಗೋಸ್ಕರ ಅಲ್ಲ, ಯಂತ್ರಕ್ಕೋಸ್ಕರ. "ಪುಣ್ಯ ಮಾಡಿದೆ ಕಣಮ್ಮ ಆ ಯಂತ್ರ" ಅನ್ನುತ್ತಿದ್ದರು ನಮ್ಮತ್ತೆ, ಬೀಸಣಿಗೆ ಬೀಸಿಕೊಳ್ಳುತ್ತಾ.

ಅವರ ಕೆಲಸ ಏನು ಅಂತ ನನಗೆ ಅರ್ಥವಾದದ್ದು ಸಾರಿನ ಪುಡಿಯಿಂದ. ನಾನು ಮಾಡಿದ ಪುಡಿ ಬೀದಿಯ ಮೂರ್ನಾಲ್ಕು ಮನೆಗೆ ಹೋಗುತ್ತಿತ್ತು. ಒಂದು ಭಾನುವಾರ ಮೆಣಸಿನಕಾಯಿ ಹುರಿಯುತ್ತಿದ್ದೆ. ಅಕ್ಕ ಬಾಗಿಲಲ್ಲಿ ಕೂತು ಕೆಮ್ಮುತ್ತಾ ಹೇಳಿದರು.

"ನೋಡಿ, ನಮ್ಮಲ್ಲಿ ಎಲ್ಲರ ಲೆಕ್ಕಪತ್ರ, ಅಳತೆ, ಪಟ್ಟಿ ಎಲ್ಲಾ ಬೇರೆ ಬೇರೆ ಕಡತ ಆಗಿರುತ್ತೆ. ಅಷ್ಟನ್ನೂ ಒಂದೇ ಗಂಟು ಕಟ್ಟಿ, ಹಾಡು ತುಂಬೋ ಟೇಪ್ ಇರುತ್ತಲ್ಲ, ಅಂಥ ಟೇಪಿನ ಮೇಲೆ ಇಡ್ಬೇಕು. ಬೇಕಾದಾಗ ಬಿಚ್ಚಿದ್ರೆ ಹೇಗಿತ್ತೋ ಹಾಗೇ ಸಿಗ್ಬೇಕು. ಆ ಕಟ್ಟೋದು ಬಿಚ್ಚೋದು ಮಾಡೋ ಸಣ್ಣಸಣ್ಣ ಪ್ರೋಗ್ರಾಮುಗಳನ್ನ ಫೋರ್ಟ್ರಾನ್ ಅನ್ನೋ ಭಾಷೆಯಲ್ಲಿ ಬರೆದಿಟ್ಟಿದೀನಿ. ಅಂಥ ಕಟ್ಟಿಗೆ ಲೈಬ್ರರಿ ಅಂತಾರೆ. ಯಾರು ಬೇಕಾದ್ರೂ ತಮ್ಮ ಪ್ರೋಗ್ರಾಮಿನೊಳಗೆ ಅದನ್ನ ಕರೆದು ಕೆಲಸ ಮಾಡಿಸ್ಕೋಬಹುದು."

"ಬರೆದು ಆಯ್ತಲ್ಲ? ಇನ್ನು ದಿನಾ ಹೋಗಿ ಏನ್ ಮಾಡ್ತೀರಾ?"

"ನಿಮ್ಮ ಪುಡಿ ಎಷ್ಟು ಮನೆಗೆ ಹೋಗುತ್ತೆ?"

"ನಾಲ್ಕು."

"ನಾಳೆ ನೀವು ಒಂದು ಹಿಡಿ ಮೆಣಸಿನಕಾಯಿ ಜಾಸ್ತಿ ಹಾಕಿದ್ರೆ?"

"ನಾಲ್ಕು ಮನೆ ಸಾರೂ ಖಾರ."

"ನಂದೂ ಅಷ್ಟೇ. ಒಬ್ಬರು ಅದು ಸೇರಿಸಿ ಅಂತಾರೆ, ಒಬ್ಬರು ಇದು ತೆಗೀರಿ ಅಂತಾರೆ. ಯಾರ ಸಾರೂ ಕೆಡದ ಹಾಗೆ ಮಾಡೋದೇ ಉದ್ಯೋಗ."

ಎರಡು ವರ್ಷ ಬಾಳಿದರೆ ಹೆಚ್ಚು ಅಂದುಕೊಂಡು ಬರೆದದ್ದಂತೆ. ಅದು ಊರ ತುಂಬ ಹಬ್ಬಿತು. ಹದಿನಾಲ್ಕು ಕಚೇರಿಗಳು ಒಂದೊಂದು ಪ್ರತಿ ಒಯ್ದಿದ್ದವು. ತೊಂದರೆ ಬಂದಾಗ ಕೆಲವರು ಚಪ್ಪಟೆ ಟಿನ್ನಿನಲ್ಲಿ ಟೇಪ್ ಇಟ್ಟುಕೊಂಡು ನಮ್ಮ ಗೇಟಿಗೇ ಬರುತ್ತಿದ್ದರು. ಚಕ್ಕುಲಿ ಟಿನ್ ಅಂತ ಅತ್ತೆ ಒಂದು ಸಲ ಕೈ ಚಾಚಿದ್ದೂ ಉಂಟು. ಚೆನ್ನಾಗಿ ನಡೆಯುತ್ತಿದೆ ಅಂತ ಹೇಳಲು ಬಂದವರನ್ನು ಮಾತ್ರ ನಾನು ಕಾಣಲಿಲ್ಲ.

ಬಂದವರಲ್ಲಿ ನಮಗೆಲ್ಲ ಬೇಕಾದವರು ಒಬ್ಬರಿದ್ದರು. ಬಾವಿ ಸಾಹೇಬರು ಅನ್ನುತ್ತಿದ್ದೆವು. ಬಾಗಲೂರಿನ ಮುಸಲ್ಮಾನರು, ನೀರಿನ ಲೆಕ್ಕ ಇಡುವ ಒಂದು ಕಚೇರಿಯಲ್ಲಿ ಕೆಲಸ. ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ಸೈಕಲ್ಲಿಗೆ ಸುತ್ತಿಕೊಂಡು ತಿಂಗಳಿಗೊಮ್ಮೆ ಯಲಹಂಕದ ಸುತ್ತಿನ ಅರವತ್ತೆರಡು ಬಾವಿಗಳಿಗೆ ಹೋಗಿ, ನೆಲದಿಂದ ನೀರು ಎಷ್ಟು ಅಡಿ ಕೆಳಗಿದೆ ಅಂತ ಅಳೆದು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ಮಗಳ ನಿಕಾಹಿನ ದಿನವೂ ಬೆಳಿಗ್ಗೆ ಎದ್ದು ಒಂದು ಬಾವಿ ಅಳೆದು ಬಂದು ಶೇರ್ವಾನಿ ತೊಟ್ಟವರು. ಆರು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಅಕ್ಕನ ಪ್ರೋಗ್ರಾಮಿನಲ್ಲಿ ಕಡತದ ಹೆಸರಿಗೆ ಆಗ ಆರೇ ಇಂಗ್ಲಿಷ್ ಅಕ್ಷರದ ಜಾಗ. ಪುಟ್ಟೇನಹಳ್ಳಿ, ಬಾಗಲೂರು ಎಲ್ಲ ಅರ್ಧಕ್ಕೆ ತುಂಡಾಗಿ ಅಚ್ಚಾಗುತ್ತಿದ್ದವು.

"ಏನ್ ಮೇಡಂ, ನಮ್ಮೂರನ್ನ ಅರ್ಧ ನುಂಗಾಕಿದೀರಲ್ಲ!" ಅಂದರು ಸಾಹೇಬರು ಒಮ್ಮೆ.

ಅಕ್ಕ ನಗಲಿಲ್ಲ. ಎಂಟು ತಿಂಗಳು ಕೆಲಸ ಮಾಡಿ ಹೆಸರಿಗೆ ಹನ್ನೆರಡು ಅಕ್ಷರದ ಜಾಗ ಮಾಡಿದರು. ಜಾಗ ಮಾಡುವುದು ಒಂದು ವಾರದ ಕೆಲಸವಂತೆ. ಮಿಕ್ಕ ಕಾಲವೆಲ್ಲ ಆರಕ್ಷರದ ಹಳೇ ಗಂಟುಗಳೂ ಮೊದಲಿನಂತೆ ಬಿಚ್ಚುತ್ತವೆಯೇ ಅಂತ ನೋಡುವುದಕ್ಕೆ ಹೋಯಿತು. "ಹೊಸ ಬೀಗ ಹಾಕಿ ಹಳೇ ಬೀಗದಕೈ ಇಟ್ಕೊಂಡವರನ್ನ ಬೀದಿಯಲ್ಲಿ ನಿಲ್ಲಿಸ್ಬಾರದು" ಅನ್ನುತ್ತಿದ್ದರು.

ಹೀಗೆ ನೋಡುವ ಕ್ರಮ ಒಂದಿತ್ತು. ಏನೇ ಬದಲಾಯಿಸುವ ಮೊದಲು ಒಂದು ಗಂಟಿನಲ್ಲಿರುವುದನ್ನೆಲ್ಲ ಅಗಲವಾದ ಕಾಗದದ ಮೇಲೆ ಅಚ್ಚು ಹಾಕಿಸುವುದು. ಬದಲಾಯಿಸಿದ ಮೇಲೆ ಮತ್ತೆ ಹಾಕಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಪೆನ್ಸಿಲಿನಲ್ಲಿ ಟಿಕ್ ಹಾಕುವುದು. ಈ ಪರೀಕ್ಷೆಗೆ ಅವರು ಯಾವಾಗಲೂ ಸಾಹೇಬರ ಬಾವಿ ಗಂಟನ್ನೇ ತೆಗೆದುಕೊಳ್ಳುತ್ತಿದ್ದರು, ಅದೇ ದೊಡ್ಡದು ಅಂತ. ಕೆಲಸ ಮುಗಿದ ಕಾಗದ ರದ್ದಿ. ಹಿಂಭಾಗ ಮಲ್ಲಿಗೆಯಂತೆ ಬೆಳ್ಳಗಿರುತ್ತಿತ್ತು. ಎಸೆಯುವ ಬದಲು ನನಗೆ ತಂದುಕೊಡುತ್ತಿದ್ದರು.

ನನಗೆ ಅದು ರಾಮನೇ ಕಳಿಸಿದ ಹಾಗಾಗಿತ್ತು. ನಮ್ಮ ಯಜಮಾನರಿಗೆ ಕಾಮಾಲೆಯಾಗಿ, ಡಾಕ್ಟರು ತಲೆ ಆಡಿಸಿ ಹೋದ ವರ್ಷ ನಾನು ಲಕ್ಷ ರಾಮನಾಮ ಬರೆಯುವ ಹರಕೆ ಹೊತ್ತಿದ್ದೆ. ಅವರು ಎದ್ದು ಕೂತರು, ಗಂಜಿ ಕುಡಿದರು, ಕಾರ್ಖಾನೆಗೂ ಹೋದರು. ಹರಕೆ ನನ್ನ ಮೇಲೆ ಉಳಿಯಿತು. ಒಂದು ಹಾಳೆಗೆ ನೂರೆಂಟು ನಾಮದಂತೆ ಒಂಬೈನೂರ ಇಪ್ಪತ್ತಾರು ಹಾಳೆ ಬೇಕು. ನೋಟುಪುಸ್ತಕ ಕೊಳ್ಳುವ ಬದಲು ಈ ಕಾಗದ. ಒಂದು ಹಾಳೆ ಮುಗಿದರೆ ಡಬ್ಬಿಗೆ ಒಂದು ಹುಣಿಸೆ ಬೀಜ. ಮೂರು ವರ್ಷ ಬರೆದೆ. ಮುಂಭಾಗದಲ್ಲಿ ಏನು ಅಚ್ಚಾಗಿದೆ ಅಂತ ಒಂದು ದಿನವೂ ತಿರುಗಿಸಿ ನೋಡಲಿಲ್ಲ.

ಎಂಬತ್ತನೇ ಇಸವಿಯ ಯುಗಾದಿಗೆ ಸರಿಯಾಗಿ ಬೀಜ ಪೂರ್ತಿಯಾಯಿತು. ಹಾಳೆಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಮಣೆಯ ಮೇಲಿಟ್ಟೆ. ಹೆಬ್ಬಾಳದ ಕಡೆ ಹೊಸದಾಗಿ ಕಟ್ಟುತ್ತಿದ್ದ ಆಂಜನೇಯನ ಗುಡಿಯವರು ರಾಮನವಮಿಯ ದಿನ ಇಂಥ ಗಂಟುಗಳನ್ನು ಗರ್ಭಗುಡಿಯ ಗೋಡೆಯೊಳಗೆ ಇಟ್ಟು ಮುಚ್ಚಿಬಿಡುತ್ತೇವೆ ಅಂದಿದ್ದರು. ಅಲ್ಲಿಂದ ಅದು ಎಂದೂ ಹೊರಗೆ ಬರುವುದಿಲ್ಲ. ನನಗೂ ಅದೇ ಬೇಕಾಗಿತ್ತು.

ಯುಗಾದಿ ಕಳೆದ ಮಾರನೆಯ ದಿನ, ಭಾನುವಾರ ಅಲ್ಲದಿದ್ದರೂ ಅಕ್ಕ ರಜೆ ಹಾಕಿ ಮನೆಯಲ್ಲಿದ್ದರು. ಬೆಳಿಗ್ಗೆ ಬಾವಿ ಸಾಹೇಬರು ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಕಾಂಪೌಂಡಿಗೆ ಒರಗಿಸಿದರು. ಒಬ್ಬಟ್ಟು ಕೊಟ್ಟೆ, ಕೈಯಲ್ಲೇ ಹಿಡಿದು ನಿಂತರು.

"ಮೇಡಂ, ನಂದೇ ಏನೋ ತಪ್ಪಾಗೈತೆ. ಹಬ್ಬದ ಮುಂಚೆ ಗಂಟು ಬಿಚ್ಚಿಸ್ದೆ. ಅರವತ್ತೆರಡು ಬಾವೀನೂ ಐತೆ. ಆದ್ರೆ ಎಲ್ಲಾದ್ರಲ್ಲೂ ಡಿಸೆಂಬರಿಗೇ ನಿಂತೋಗೈತೆ. ಜನವರಿ, ಫೆಬ್ರವರಿ, ಮಾರ್ಚಿ, ಮೂರೂ ಇಲ್ಲ."

ಅಕ್ಕ ಮೆಟ್ಟಿಲಿನ ಮೇಲೆ ನಿಂತಿದ್ದವರು ಅಲ್ಲೇ ಕೂತರು. ತುರುಬಿನ ಪೆನ್ಸಿಲ್ ತೆಗೆದು ಮೆಟ್ಟಿಲಿನ ಗಾರೆಯ ಮೇಲೆ ಒಂದು ಒಂಬತ್ತು ಬರೆದರು, ಪಕ್ಕದಲ್ಲಿ ಒಂದು ಸೊನ್ನೆ. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ನಿಮ್ಮ ತಪ್ಪಲ್ಲ ಸಾಹೇಬ್ರೇ. ನಂದು."

ಆಮೇಲೆ ನನಗೂ ತಿಳಿಯುವ ಹಾಗೆ ಹೇಳಿದರು. ಅವರು ಆ ಪ್ರೋಗ್ರಾಮು ಬರೆದಾಗ ಯಂತ್ರದಲ್ಲಿ ಜಾಗಕ್ಕೆ ಬಹಳ ಬರ. ಒಂದೊಂದು ಅಕ್ಷರಕ್ಕೂ ಜಿಪುಣತನ. ಹಾಗಾಗಿ ಪ್ರತಿ ಕಡತದ ಮೇಲೂ ಇಸವಿಯ ಕೊನೆಯ ಒಂದು ಅಂಕಿ ಮಾತ್ರ ಬರೆದಿಟ್ಟರು. ಎಪ್ಪತ್ನಾಲ್ಕಕ್ಕೆ ನಾಲ್ಕು, ಎಪ್ಪತ್ತೊಂಬತ್ತಕ್ಕೆ ಒಂಬತ್ತು. ಎಂಬತ್ತು ಬಂದಾಗ ಅದು ಸೊನ್ನೆಯಾಯಿತು. ಸಾಹೇಬರು ಪ್ರತಿ ತಿಂಗಳೂ ಹೊಸ ಅಳತೆ ಸೇರಿಸಿ ಅದೇ ಹೆಸರಿನ ಕಡತವನ್ನು ಮತ್ತೆ ಗಂಟಿಗೆ ಹಾಕುತ್ತಿದ್ದರು, ಗಂಟು ದಪ್ಪವಾಗುತ್ತಾ ಹೋಗಿತ್ತು. ಅದನ್ನು ಇಳಿಸಲು ಅಕ್ಕ ಹೊಸದಾಗಿ ಕಸ ಗುಡಿಸುವ ಒಂದು ಪ್ರೋಗ್ರಾಮು ಬರೆದು ಲೈಬ್ರರಿಗೆ ಸೇರಿಸಿದ್ದರು. ಒಂದೇ ಹೆಸರಿನವು ಹಲವು ಇದ್ದರೆ ಎಲ್ಲಕ್ಕಿಂತ ಹೊಸದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಡು ಅಂತ ಅದಕ್ಕೆ ಅಪ್ಪಣೆ. ಅದು ಒಂಬತ್ತನ್ನೂ ಸೊನ್ನೆಯನ್ನೂ ನೋಡಿ, ಒಂಬತ್ತೇ ದೊಡ್ಡದು, ಅದೇ ಹೊಸದು ಅಂದುಕೊಂಡು ಈ ವರ್ಷದ್ದನ್ನೆಲ್ಲ ಗುಡಿಸಿ ಹಾಕಿತ್ತು.

ನಾನು ತಡೆಯಲಾರದೆ ಅಂದೆ, "ಅಲ್ಲಾ ಅಕ್ಕಾ, ನಮ್ಮ ಸಂವತ್ಸರದ ಹೆಸರು ತಿರುಗಿ ಬರೋಕೆ ಅರವತ್ತು ವರ್ಷ ಬೇಕು. ನೀವು ಹತ್ತೇ ವರ್ಷಕ್ಕೆ ತಿರುಗಿಸಿಬಿಟ್ರಾ?"

"ಹಿರಿಯರಿಗೆ ತಾವು ಬರೆದದ್ದು ಬಾಳುತ್ತೆ ಅಂತ ಧೈರ್ಯ ಇತ್ತು ಕಮಲಮ್ಮ. ನನಗಿರಲಿಲ್ಲ" ಅಂದರು. ನಗಲು ಹೋದರು, ಆಗಲಿಲ್ಲ.

"ಹಳೇ ಟೇಪಲ್ಲಿ ಸಿಗಲ್ವಾ ಮೇಡಂ?"

"ಟೇಪಿನ ಅಭಾವ ಅಲ್ವಾ, ಅದರ ಮೇಲೆ ಆಗಲೇ ಬೇರೆಯವರದ್ದು ಬರೆದಾಯ್ತು. ನಿಮ್ಮ ಚೀಟಿಗಳು?"

ಸಾಹೇಬರು ಒಬ್ಬಟ್ಟನ್ನು ನೋಡುತ್ತಾ ಮೆಲ್ಲಗೆ ಹೇಳಿದರು. "ನೀವೇ ಹೇಳಿದ್ರಲ್ಲ ಮೇಡಂ, ಟೇಪಿಗೆ ಸೇರಿದ ಮ್ಯಾಲೆ ಚೀಟಿ ಯಾಕೆ, ನನ್ನ ಗಂಟನ್ನ ನಂಬಿ ಅಂತ. ಸೇರಿಸಿದ್ದನ್ನೆಲ್ಲ ಬಚ್ಚಲೊಲೆಗೆ ಹಾಕ್ಬಿಟ್ಟೆ."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದರೋ ಏನೋ. ಈ ನಂಬಿಕೆಯ ಮಾತು ಅವರಿಗೆ ತಡೆಯಲಾಗಲಿಲ್ಲ.

ಮತ್ತೆ ಅಳೆದರಾಗದೇ ಅಂತ ನಾನು ಕೇಳಿದೆ. ಸಾಹೇಬರು ತಲೆಯಾಡಿಸಿದರು. "ಜನವರಿ ನೀರು ಈಗ ಎಲ್ಲೈತೆ ತಾಯಿ? ಆರು ವರ್ಷ ಒಂದು ತಿಂಗಳೂ ಬಿಡದಂಗೆ ಹಿಡಿದಿದ್ದೆ. ದಾರ ಕಿತ್ತೋದಂಗಾಯ್ತು."

"ಗುಡಿಸೋಕೆ ಮುಂಚೆ ಅಚ್ಚು ಹಾಕಿಸಿದ್ದೆ" ಅಂದರು ಅಕ್ಕ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಆಮೇಲೆ ಕಾಗದ ಮುಗಿದುಹೋಯ್ತು. ಮೊದಲೂ ಅರವತ್ತೆರಡು, ಆಮೇಲೂ ಅರವತ್ತೆರಡು, ಎಣಿಕೆ ಸರಿ ಇದೆಯಲ್ಲ ಅಂತ ಬಿಟ್ಟೆ. ಒಳಗೆ ನೋಡಲಿಲ್ಲ. ಆರು ವರ್ಷದಲ್ಲಿ ಅದೊಂದು ಸಲ ಮುಚ್ಚಳ ಹಾಕಿ ತೆಗೆದು ನೋಡಲಿಲ್ಲ." ತಟ್ಟನೆ ನನ್ನ ಕಡೆ ತಿರುಗಿದರು. "ಕಮಲಮ್ಮ, ಈ ತಿಂಗಳು ಕೊಟ್ಟ ಕಾಗದ ಎಲ್ಲಿದೆ?"

ಅದರ ಹಿಂದೆ ರಾಮ ಇದ್ದ. ಅದು ದೇವರ ಮಣೆಯ ಮೇಲೆ ಹಳದಿ ಬಟ್ಟೆಯೊಳಗೆ ಇತ್ತು. ಏಳು ದಿನ ಬಿಟ್ಟರೆ ಗೋಡೆಯೊಳಗೆ ಹೋಗುವುದಿತ್ತು.

ನಾನು ದೇವರ ಮಣೆಯ ಕಡೆ ತಿರುಗಿದೆ. ಅಕ್ಕನಿಗೆ ಅಷ್ಟರಲ್ಲೇ ತಿಳಿಯಿತು. "ಬೇಡ ಬಿಡಿ" ಅಂದರು. "ಅದು ನಿಮ್ಮ ಯಜಮಾನರ ಆಯುಸ್ಸಿನ ಹರಕೆ. ನಾನು ಕೇಳಬಾರದಿತ್ತು."

ಒಳಗೆ ಹೋದೆ. ಒಮ್ಮೆ ಗಂಟು ಕಟ್ಟಿದ ಮೇಲೆ ಬಿಚ್ಚಬಾರದು ಅಂತ ನನಗೆ ಹೇಳಿದವರೇ ಅತ್ತೆ. ದೇವರ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದರು. ಹೊರಗಿನ ಮಾತೆಲ್ಲ ಕಿವಿಗೆ ಬಿದ್ದಿತ್ತು. ನಾನು ಮಣೆಯ ಮುಂದೆ ನಿಂತು, ಅಪ್ಪಾ ರಾಮ, ತಪ್ಪಾದರೆ ನನಗೆ ಹಾಕು, ನಮ್ಮ ಯಜಮಾನರಿಗೆ ಬೇಡ ಅಂದುಕೊಂಡೆ. ಕೈ ಮುಂದೆ ಹೋಗಲಿಲ್ಲ.

"ಏನೇ ಕಮಲಾ, ನಿಂತ್ಕೊಂಡು ಹೂವು ಬಿದ್ದು ಪ್ರಸಾದ ಆಗ್ಲಿ ಅಂತ ಕಾಯ್ತಿದೀಯಾ? ಬಿಚ್ಚೇ" ಅಂದರು ಅತ್ತೆ.

"ಅತ್ತೇ, ನೀವೇ ತಾನೇ—"

"ನಾನು ಹೇಳಿದ್ದೆ, ಹೌದು. ರಾಮ ಬೆನ್ನ ಮೇಲೆ ಅರವತ್ತೆರಡು ಬಾವಿ ಹೊತ್ಕೊಂಡು ಕೂತಿದಾನೆ ಅಂತ ನನಗೇನು ಗೊತ್ತು? ಪಾಪ, ಇಳಿಸು ಮೊದಲು."

ಗಂಟು ಬಿಚ್ಚಿದೆ. ಹೊರಗೆ ತಂದೆ. ಸಾಹೇಬರು, ಯಾರೂ ಹೇಳದೆ, ನಲ್ಲಿಯ ಹತ್ತಿರ ಹೋಗಿ ಕೈಕಾಲು ಮುಖ ತೊಳೆದು ಬಂದರು. ಹೆಗಲ ಮೇಲಿದ್ದ ಒಗೆದ ಟವೆಲನ್ನು ಜಗಲಿಯ ಮೇಲೆ ಹಾಸಿ ಎರಡೂ ಕೈ ಚಾಚಿದರು. ಕಿಟಕಿಯಿಂದ ಅತ್ತೆ ನೋಡುತ್ತಿದ್ದರು. ಆ ದಿನದಿಂದ ಸಾಹೇಬರಿಗೆ ನಮ್ಮ ಮನೆಯಲ್ಲಿ ಕಾಫಿ ಬೆಳ್ಳಿ ಲೋಟದಲ್ಲಿ.

ಕೊನೆಯ ನಲವತ್ತು ಹಾಳೆಗಳನ್ನು ತಿರುಗಿಸಿದರೆ ಬಾವಿಗಳು ಇದ್ದವು. ಸಾಲುಸಾಲಾಗಿ, ಇಂಗ್ಲಿಷಿನ ದಪ್ಪಕ್ಷರದಲ್ಲಿ, ಜನವರಿ, ಫೆಬ್ರವರಿ, ಮಾರ್ಚಿ. ಸಾಹೇಬರು ಮೊದಲ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡರು. ಯಾವ ಮಗ್ಗುಲನ್ನು ಒತ್ತಿಕೊಂಡರು ಅಂತ ನಾನು ನೋಡಲಿಲ್ಲ.

ಎರಡು ದಿನ ನಮ್ಮ ಜಗಲಿ ಆಫೀಸಾಯಿತು. ಸಾಹೇಬರು ಓದುವುದು, ಅಕ್ಕ ಚೌಕಳಿ ಹಾಳೆಯಲ್ಲಿ ಬರೆದುಕೊಳ್ಳುವುದು. ನನ್ನ ಪೆನ್ನಿನ ಶಾಯಿ ಅಲ್ಲಲ್ಲಿ ಒಡೆದು ಮುಂದಿನ ಮಗ್ಗುಲಿಗೆ ಇಳಿದಿತ್ತು. "ಇದು ಮೂರೋ ಎಂಟೋ? ರಾಮ ಅಡ್ಡ ಬಂದವ್ನೆ" ಅಂತ ಸಾಹೇಬರು ಹಾಳೆಯನ್ನು ಬಿಸಿಲಿಗೆ ಹಿಡಿಯುವರು. ಒಂದೊಂದಾಗಿ ಎಲ್ಲ ಸಿಕ್ಕಿತು. ಪುಟ್ಟೇನಹಳ್ಳಿ ಕೆರೆಯ ಪಕ್ಕದ ಬಾವಿಯ ಜನವರಿ ಅಂಕಿ ಮಾತ್ರ ಸಿಗಲಿಲ್ಲ. ಅದು ನಾನು ನಾಮ ಬರೆಯದೆ ಉಳಿದಿದ್ದ ಹಾಳೆಯೊಂದರಲ್ಲಿ ಇರಬೇಕಿತ್ತು. ಹಾಳೆ ಇತ್ತು, ಅದರ ಒಂದು ಮೂಲೆ ಇರಲಿಲ್ಲ. ಯುಗಾದಿಯ ದಿನ ಹೂವಿನವಳಿಗೆ ಕುಂಕುಮ ಕೊಡಲು ನಾನೇ ಹರಿದು ಪೊಟ್ಟಣ ಕಟ್ಟಿದ್ದೆ.

"ನನ್ನಿಂದ ಆಯ್ತಲ್ಲ" ಅಂತ ಕಣ್ಣೀರು ಬಂತು ನನಗೆ.

"ಅಳಬ್ಯಾಡಿ ತಾಯಿ. ಡಿಸೆಂಬರಲ್ಲಿ ಇಪ್ಪತ್ತೊಂದು ಅಡಿ, ಫೆಬ್ರವರೀಲಿ ಇಪ್ಪತ್ಮೂರು. ನಡುವೆ ಇಪ್ಪತ್ತೆರಡೇ ಇದ್ದೀತು. ಹಾಕ್ಬಿಡಿ ಮೇಡಂ."

ಅಕ್ಕ ಪೆನ್ಸಿಲ್ ಕೆಳಗಿಟ್ಟರು. "ಇದ್ದೀತು. ಆದ್ರೆ ನೀವು ಅಳೆದದ್ದು ಅದಲ್ಲ. ಖಾಲಿ ಇದ್ರೆ ಖಾಲಿ ಅಂತಲೇ ಇರಬೇಕು."

"ಹಂಗಾದ್ರೆ ಸೊನ್ನೆ ಹಾಕಿ."

"ಸೊನ್ನೆ ಅಂದ್ರೆ ಬಾವಿ ತುಂಬಿ ನೆಲದ ಮಟ್ಟಕ್ಕೆ ನೀರು ಬಂದಿದೆ ಅಂತಾಗುತ್ತೆ ಸಾಹೇಬ್ರೇ. ನನ್ನ ಕೈಯಲ್ಲಿ ಒಂದು ಸೊನ್ನೆ ಮಾಡಿದ ಅನಾಹುತ ಸಾಲದೇ?"

ಖಾಲಿಯೇ ಉಳಿಯಿತು.

ನನ್ನ ಹಾಳೆಗಳನ್ನು ಅವರು ಇಸ್ತ್ರಿ ಮಾಡಿದ ಹಾಗೆ ಓರಣವಾಗಿ ಜೋಡಿಸಿ, ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಸಣ್ಣದಾಗಿ ಸಂಖ್ಯೆ ಬರೆದು ತಂದುಕೊಟ್ಟರು. ಕೊಟ್ಟು ಹೋಗಲಿಲ್ಲ, ಬಾಗಿಲಲ್ಲೇ ನಿಂತರು.

"ಕಮಲಮ್ಮ, ಹೇಳಲೋ ಬೇಡವೋ ಗೊತ್ತಿಲ್ಲ. ಒಂಬೈನೂರ ಇಪ್ಪತ್ತೆರಡು ಹಾಳೆ ಇದೆ. ನಿಮ್ಮ ಲಕ್ಷಕ್ಕೆ ನಾಲ್ಕು ಹಾಳೆ ಕಮ್ಮಿ."

"ಸಾಧ್ಯವೇ ಇಲ್ಲ! ಬೀಜ ಎಣಿಸಿದೀನಿ."

"ನಾನು ಹಾಳೆ ಎಣಿಸಿದೀನಿ. ಮೂರು ಸಲ."

ಇಬ್ಬರೂ ಒಟ್ಟಿಗೆ ಅತ್ತೆಯ ಕಡೆ ತಿರುಗಿದೆವು. ಪಕ್ಕದ ಮನೆಯವರ ಜೊತೆ ಚೌಕಾಬಾರ ಆಡಲು ಅವರು ನನ್ನ ಡಬ್ಬಿಯಿಂದ ಬೀಜ ತೆಗೆಯುವುದುಂಟು.

"ನನ್ಯಾಕೆ ನೋಡ್ತೀರಾ? ನಾಲ್ಕು ತಗೊಂಡೆ, ಆಟ ಮುಗಿದ್ಮೇಲೆ ನೆಲದ ಮೇಲಿದ್ದದ್ದನ್ನೆಲ್ಲ ಬಳಿದು ಹಾಕ್ದೆ. ಪಕ್ಕದ್ಮನೆಯವಳ ನಾಲ್ಕೂ ಜೊತೆಗೆ ಬಂದಿದ್ರೆ ನಾನೇನು ಮಾಡ್ಲಿ? ಒಂದೂ ಕಳೀಲಿಲ್ಲ ಅಂತ ಸಂತೋಷ ಪಡಿ!"

ಆ ದಿನ ಮೂವರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಗಂಟು ಬಿಚ್ಚದೆ ಇದ್ದಿದ್ದರೆ ನನ್ನ ಹರಕೆ ನಾನೂರ ಇಪ್ಪತ್ನಾಲ್ಕು ನಾಮ ಕಡಿಮೆಯಾಗಿ ಗೋಡೆ ಸೇರುತ್ತಿತ್ತು. ಸಣ್ಣ ದಯೆಗಳನ್ನು ಎಣಿಸುವುದು ನನ್ನ ಅಭ್ಯಾಸ. ಆ ವರ್ಷದ್ದರಲ್ಲಿ ಇದು ಮೊದಲನೆಯದು. ನೀವೇ ನಾಲ್ಕು ಹಾಳೆ ಬರೆದು ಸೇರಿಸಬಹುದಿತ್ತಲ್ಲ ಅಂತ ಅಕ್ಕನನ್ನು ಕೇಳಿದೆ. "ಕಮ್ಮಿ ಇದೆ ಅಂತ ಹೇಳೋದು ನನ್ನ ಕೆಲಸ. ತುಂಬೋದು ಹರಕೆ ಹೊತ್ತವರದ್ದು" ಅಂದರು. ರಾಮನವಮಿಯೊಳಗೆ ನಾನೇ ಬರೆದು ತುಂಬಿದೆ.

ಅಷ್ಟಕ್ಕೆ ಬಿಡಲಿಲ್ಲ ಅವರು. ಪ್ರತಿ ಒಯ್ದಿದ್ದ ಹದಿನಾಲ್ಕೂ ಕಚೇರಿಗಳಿಗೆ ಕಾರ್ಡು ಬರೆದರು: ತಪ್ಪು ನನ್ನದು, ಗುಡಿಸುವ ಪ್ರೋಗ್ರಾಮನ್ನು ಓಡಿಸಬೇಡಿ, ಸರಿ ಮಾಡಿ ಕಳಿಸುತ್ತೇನೆ. ಮೇಲಧಿಕಾರಿ, ಯಾರಿಗೂ ಗೊತ್ತಾಗಿಲ್ಲ, ಸುಮ್ಮನೆ ಸರಿಮಾಡಿಬಿಡಿ ಅಂದಿದ್ದರಂತೆ. "ಅವರ ಗಂಟಲ್ಲೂ ಹಾವು ಕೂತಿದೆ ಅಂತ ಗೊತ್ತಿದ್ದೂ ಕೈ ಹಾಕೋಕೆ ಬಿಡಲಾ?" ಅಂದರು ನನ್ನ ಹತ್ತಿರ. ಕಾರ್ಡುಗಳನ್ನು ನಮ್ಮ ಯಜಮಾನರೇ ಅಂಚೆ ಡಬ್ಬಿಗೆ ಹಾಕಿ ಬಂದರು. ಎರಡು ಕಚೇರಿಯವರು ಕಟುವಾಗಿ ಉತ್ತರ ಬರೆದರು. ಅಕ್ಕನಿಗೆ ಬರಬೇಕಿದ್ದ ಬಡ್ತಿ ಆ ವರ್ಷ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿಲ್ಲ.

ಆಮೇಲೆ ಇಸವಿಗೆ ನಾಲ್ಕು ಅಂಕಿಯ ಜಾಗ ಮಾಡಿದರು. ಎರಡು ಸಾಕು ಅಂತ ಆಫೀಸಿನವರು ಜಗಳಕ್ಕೆ ಬಂದರಂತೆ. ಅತ್ತೆ ಕೇಳಿದರು, "ಇದು ಎಲ್ಲೀತನಕ ಬರುತ್ತೆ ಹುಡುಗೀ?"

"ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ ತನಕ ಅಮ್ಮಾ."

ಅತ್ತೆ ಬತ್ತಿ ಹೊಸೆಯುವುದು ನಿಲ್ಲಿಸಿ ಯೋಚಿಸಿದರು. "ಆಮೇಲೆ?"

ಎಂಬತ್ತರ ದಶಕ ಮುಗಿಯುತ್ತಾ ಬಂದಂತೆ ಆಫೀಸಿಗೆ ಬೇರೆ ಯಂತ್ರ ಬಂತು, ಭಾಷೆಯೂ ಬೇರೆಯಂತೆ, ಸಿ ಅನ್ನುವ ಒಂದಕ್ಷರದ್ದು. ನಿವೃತ್ತಿಗೆ ಎರಡು ವರ್ಷ ಇತ್ತು. ಯಾರಾದರೂ ಹೊಸಬರು ಬರೆಯಲಿ ಅಂತ ಬಿಡಬಹುದಿತ್ತು. ಕನ್ನಡಕ ಹಾಕಿಕೊಂಡು ಆ ಭಾಷೆ ಕಲಿತು, ಇಡೀ ಲೈಬ್ರರಿಯನ್ನು ಸಾಲುಸಾಲಾಗಿ ಹೊಸದಾಗಿ ಬರೆದರು. ನಮ್ಮತ್ತೆ ಕಣ್ಮುಚ್ಚಿದ್ದು ಆ ವರ್ಷವೇ. ಹದಿಮೂರು ದಿನವೂ ಅಕ್ಕ ನನ್ನ ಅಡುಗೆಮನೆಯಲ್ಲಿದ್ದರು. ಎಂಬತ್ತೆಂಟರಲ್ಲಿ ನಿವೃತ್ತರಾಗಿ, ಎರಡು ಪೆಟ್ಟಿಗೆ ಕಟ್ಟಿ, ಎರಡನ್ನೂ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ತುಮಕೂರಿಗೆ ಹೊರಟರು. ಮೇಲ್ಮನೆ ಗುಡಿಸಲು ಹೋದಾಗ ಕಪಾಟಿನಲ್ಲಿ ಒಂದು ಕಾಗದದ ಸುರುಳಿ ಸಿಕ್ಕಿತು. ಮೇಲೆ ಚೀಟಿ: 'ಕಮಲಮ್ಮನವರಿಗೆ. ಹಿಂದುಗಡೆ ಖಾಲಿ ಇದೆ.' ಬರೆಯಲು ಹರಕೆ ಯಾವುದೂ ಇರಲಿಲ್ಲ, ಹಾಗೇ ಎತ್ತಿಟ್ಟೆ.

ಅವರು ಹೋದ ಸುದ್ದಿ ಕೇಳಿ ಬಾವಿ ಸಾಹೇಬರು ಮೊನ್ನೆ ಬಂದರು. ಗಡ್ಡ ಬೆಳ್ಳಗಾಗಿದೆ. ಸೈಕಲ್ ಬಿಟ್ಟು ಬಸ್ಸಿನಲ್ಲಿ ಬಂದಿದ್ದರು. ಬೆಳ್ಳಿ ಲೋಟದ ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ನನಗೂ ಬರೋ ವರ್ಷ ರಿಟೈರ್ಮೆಂಟು ತಾಯಿ. ಆಫೀಸಲ್ಲಿ ಹಳೇ ಯಂತ್ರ ಎತ್ತಿ ಸಾಗಿಸಿದಾರೆ. ಮೇಡಂ ಇದ್ದಾಗ ಭಯ ಇರ್ಲಿಲ್ಲ.  ಎಪ್ಪತ್ನಾಲ್ಕರಿಂದ ಅಳೆದಿದ್ದೆಲ್ಲ ಅದ್ರಲ್ಲೈತೆ, ಇನ್ನು ಆ ಗಂಟು ಹೊಸದ್ರಲ್ಲಿ ಬಿಚ್ಚತೈತೋ ಇಲ್ವೋ. ಯಾರನ್ನ ಕೇಳ್ಲಿ?"

ಆಗ ನನಗೆ ಸುರುಳಿ ನೆನಪಾಯಿತು. ಎಂಬತ್ತನೇ ಇಸವಿಯ ಆ ಯುಗಾದಿಯಿಂದ ಈಚೆಗೆ ನಾನು ಯಾವ ಕಾಗದವನ್ನೂ ಮುಂಭಾಗ ನೋಡದೆ ಬಳಸುವುದಿಲ್ಲ. ಇದನ್ನು ಮಾತ್ರ ಬಳಸಿರಲಿಲ್ಲ, ಹಾಗಾಗಿ ನೋಡಿಯೂ ಇರಲಿಲ್ಲ. ತಂದು ಜಗಲಿಯ ಮೇಲೆ ಬಿಡಿಸಿದೆ.

ಬಾವಿಗಳು. ಎಪ್ಪತ್ನಾಲ್ಕರ ಅರ್ಧ ಹೆಸರಿನ ಗಂಟು, ಆಮೇಲಿನ ಪೂರ್ತಿ ಹೆಸರಿನದ್ದು, ಒಂದಂಕಿ ಇಸವಿಯದ್ದು, ನಾಲ್ಕಂಕಿಯದ್ದು. ಎಲ್ಲವನ್ನೂ ಹೊಸ ಯಂತ್ರದಲ್ಲಿ ಬಿಚ್ಚಿಸಿ ಅಚ್ಚು ಹಾಕಿಸಿದ್ದರು. ತಾರೀಖು ಅವರ ನಿವೃತ್ತಿಯ ಹಿಂದಿನ ವಾರದ್ದು. ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನ ಒಂದು ಸಣ್ಣ ಟಿಕ್.

ಸಾಹೇಬರು ಬೆರಳಿಟ್ಟು ಕೆಳಗಿಳಿಯುತ್ತಾ ಹೋದರು. ಪುಟ್ಟೇನಹಳ್ಳಿಯಲ್ಲಿ ನಿಂತರು. ಎಂಬತ್ತನೇ ಇಸವಿಯ ಸಾಲುಗಳಲ್ಲಿ ಫೆಬ್ರವರಿ ಇತ್ತು, ಮಾರ್ಚಿ ಇತ್ತು. ಜನವರಿಯ ಎದುರಿಗೆ ಅಂಕಿ ಇರಬೇಕಾದ ಜಾಗ ಖಾಲಿ. ಆ ಖಾಲಿಯ ಪಕ್ಕದಲ್ಲೂ ಒಂದು ಟಿಕ್ ಇತ್ತು.

"ನೋಡಿ ತಾಯಿ" ಅಂದರು. "ಇಲ್ಲದ್ದನ್ನೂ ಬಿಡದಂಗೆ ನೋಡವ್ರೆ."

ಸಾಹೇಬರು ಸುರುಳಿಯನ್ನು ಒಯ್ಯುತ್ತೇನೆ ಅಂದರು. ಕೊಟ್ಟೆ. ಅವರು ಅದನ್ನು ಸುತ್ತಿ ಹುರಿಯಿಂದ ಕಟ್ಟಿದರು. ಗೇಟಿನ ತನಕ ಹೋದವರು ನಿಂತರು. ಹುರಿ ಬಿಚ್ಚಿ, ಒಳಗೆ ಒಂದು ಸಲ ನೋಡಿ, ಮತ್ತೆ ಕಟ್ಟಿಕೊಂಡು ಬಸ್ಸಿನ ಕಡೆಗೆ ನಡೆದರು.